ಅನಿಷಾಳ ತಪ್ಪು ಸ್ವರ

ನನ್ನ ಪಿಯಾನೊದಲ್ಲಿ ಭೂತ ಇದೆ ಎಂದು ಮೊದಲು ಹೇಳಿದವನು ಬೈಂದೂರಿನಿಂದ ಪಾಠಕ್ಕೆ ಬರುವ ರತನ್. ನಾನು ಅವನ ಕಿವಿ ಹಿಂಡಿದೆ. ಅಭ್ಯಾಸ ಮಾಡದೆ ಬಂದ ಹುಡುಗರಿಗೆ ಭೂತ, ಪ್ರೇತ, ಹೊಟ್ಟೆನೋವು ಎಲ್ಲ ಒಟ್ಟಿಗೇ ಬರುತ್ತವೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ.

"ಟೀಚರ್, ನಾ ಮುಟ್ಲೇ ಇಲ್ಲೆ. ಮೇಲಿನ್ ಕೀ ತನ್ನಷ್ಟಕ್ಕೇ ಬಾರ್ಸ್ಕಂಡ್ತ್" ಎಂದು ಅಳುಮುಖ ಮಾಡಿದ.

"ಬಾರ್ಸ್ಕಳ್ಳಿ. ಅದ್ ನಿನ್ಗಿಂತ ಚಂದ ಬಾರ್ಸತ್ತ್" ಎಂದೆ.

ನಾನು ಸರಸ. ಕೋಡಿ ರಸ್ತೆಯ ನನ್ನ ಮನೆಗೆ ಕುಂದಾಪುರದವರು ಪಿಯಾನೊ ಟೀಚರ ಮನೆ ಎನ್ನುತ್ತಾರೆ. ಮಕ್ಕಳು ಬೈಗುಳದ ಟೀಚರ ಮನೆ ಎನ್ನುತ್ತಾರಂತೆ. ಅನ್ನಲಿ. ನನ್ನ ಅಪ್ಪಯ್ಯ ಮುಂಬೈಯಲ್ಲಿ ಹೋಟೆಲ್ ನಡೆಸುತ್ತಿದ್ದಾಗ ಕೆಳಗಿನ ಮನೆಯ ಪಾರ್ಸಿ ಹೆಂಗಸು ನನಗೆ ಪಿಯಾನೊ ಕಲಿಸಿದರು, ಸಾಯುವ ಮೊದಲು ತಮ್ಮ ಪಿಯಾನೊವನ್ನೂ ನನಗೇ ಬಿಟ್ಟರು. ಊರಿಗೆ ವಾಪಸು ಬರುವಾಗ ಅದನ್ನು ಲಾರಿಗೆ ಹಾಕಿಸಿ ತಂದೆ. ಸಮುದ್ರದ ಗಾಳಿ ಅದಕ್ಕೆ ಆಗುವುದಿಲ್ಲ. ತಂತಿಗೆ ತುಕ್ಕು ಹಿಡಿಯುತ್ತದೆ, ಮರ ಊದಿಕೊಳ್ಳುತ್ತದೆ. ಅದಕ್ಕೇ ಮಳೆಗಾಲವಿಡೀ ಪಿಯಾನೊದ ಹೊಟ್ಟೆಯೊಳಗೆ ಒಂದು ಸಣ್ಣ ಬಲ್ಬು ಉರಿಸಿಡುತ್ತೇನೆ, ಒಳಗೆ ಬೆಚ್ಚಗಿರಲಿ ಎಂದು. ಮೋಡ ಕವಿದ ಸಂಜೆ ಮರದ ಸಂದಿಗಳಲ್ಲಿ ಹಳದಿ ಬೆಳಕು ಗೆರೆಗೆರೆಯಾಗಿ ಕಾಣುತ್ತದೆ, ಒಳಗೆ ಯಾರೋ ದೀಪ ಹಚ್ಚಿಕೊಂಡು ಕೂತಿದ್ದಾರೋ ಎಂಬಂತೆ. ರತನ್‌ನಂಥವರಿಗೆ ಭೂತ ಕಾಣಲು ಇಷ್ಟು ಸಾಕು.

ಆದರೆ ಅವನಿಗಿಂತ ಮೊದಲೇ ನಾನು ಕೇಳಿದ್ದೆ. ಜಡಿಮಳೆಯ ಒಂದು ಮಧ್ಯಾಹ್ನ ಊಟ ಮಾಡಿ ಅಡ್ಡಾಗಿದ್ದೆ. ಹೊರಗಿನ ಕೋಣೆಯಲ್ಲಿ ಪಿಯಾನೊ ಎರಡು ಸ್ವರ ನುಡಿಯಿತು. ಮೊದಲು ಪ, ಆಮೇಲೆ ದ. ಎರಡರ ನಡುವೆ ಯಾರೋ ನಾಲಗೆಯಿಂದ ಲೊಚಗುಟ್ಟಿದ ಸದ್ದು. ಎದ್ದು ಹೋಗಿ ನೋಡಿದರೆ ಕೋಣೆಯಲ್ಲಿ ಯಾರೂ ಇಲ್ಲ, ಪಿಯಾನೊದ ಮುಚ್ಚಳ ಹಾಕಿದ್ದು ಹಾಕಿದಂತೆಯೇ ಇದೆ. ಮರ ಊದಿದಾಗ ಕೀ ಸಿಕ್ಕಿಬಿದ್ದು, ಆಮೇಲೆ ತಾನಾಗಿ ಬಿಟ್ಟುಕೊಳ್ಳುವುದುಂಟು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಮರಕ್ಕೆ ನಾಲಗೆ ಇಲ್ಲ, ಅದು ಲೊಚಗುಟ್ಟುವುದಿಲ್ಲ. ಹಾಗೆ ಪ ನುಡಿಸಿ, ಲೊಚಗುಟ್ಟಿ, ದ ನುಡಿಸುವವಳು ನನ್ನ ಶಿಷ್ಯರಲ್ಲಿ ಒಬ್ಬಳೇ ಇದ್ದಳು. ಅವಳು ಸತ್ತು ಆಗಲೇ ಕೆಲವು ವಾರ ಕಳೆದಿದ್ದವು.

ಅವಳ ಹೆಸರು ಅನಿಷಾ. ನನ್ನ ಮನೆಗೆ ಮೀನು ತರುವ ವನಜಳ ಹಿರಿಯ ಮಗಳು. ಶಾಲೆಗೆ ರಜೆ ಇದ್ದಾಗ ವನಜ ಬುಟ್ಟಿಯ ಜೊತೆಗೆ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬರುತ್ತಿದ್ದಳು. ವನಜ ಜಗಲಿಯಲ್ಲಿ ಮೀನು ಕೊಯ್ದು ಕೊಡುವಷ್ಟು ಹೊತ್ತು ಅನಿಷಾ ಕಿಟಕಿಯ ಸರಳು ಹಿಡಿದು ನಿಂತು ಪಾಠ ಕೇಳುತ್ತಿದ್ದಳು. ಕಿಟಕಿಗೆ ಅಡ್ಡ ನಿಂತರೆ ನನಗೆ ಮೈ ಉರಿಯುತ್ತದೆ. "ಏ ಹೆಣೆ, ಒಳ್ಗ್ ಬಾ, ಇಲ್ದಿರೆ ಆಚಿ ಹೋಗ್" ಎಂದು ಒಂದು ದಿನ ಗದರಿದೆ. ಅವಳು ಒಳಗೆ ಬಂದಳು. ಬರುವಾಗ ತಂಗಿ ಪ್ರಣೀತಾಳ ಕೈಯನ್ನೂ ಹಿಡಿದು ಎಳೆದುಕೊಂಡೇ ಬಂದಳು.

ಇಬ್ಬರಿಗೂ ಸೇರಿಸಿ ನಾನೇ ಒಂದು ಸಣ್ಣ ರಚನೆ ಕಟ್ಟಿಕೊಟ್ಟೆ. ಒಂದೇ ಪಿಯಾನೊ, ಒಂದೇ ಬೆಂಚು, ನಾಲ್ಕು ಕೈ. ಎಡಗಡೆ ಪ್ರಣೀತಾ, ತಗ್ಗಿನ ಸ್ವರಗಳಲ್ಲಿ ದೋಣಿಗೆ ಹುಟ್ಟು ಹಾಕುವ ಲಯ. ಬಲಗಡೆ ಅನಿಷಾ, ಮೇಲಿನ ಸ್ವರಗಳಲ್ಲಿ ರಾಗ. ಆ ರಾಗ ಏರಿ ಏರಿ ಒಂದು ಕಡೆ ದ ಮುಟ್ಟಬೇಕು. ಅನಿಷಾ ಪ್ರತಿಸಲ ಅಲ್ಲಿ ಪ ಒತ್ತುವಳು, ಲೊಚಗುಟ್ಟುವಳು, ಆಮೇಲೆ ದ ಒತ್ತುವಳು. ನಾನು ಬೈದೆ, ಮೇಜಿಗೆ ಸ್ಕೇಲು ಬಡಿದೆ, ಮೀನಿನ ಬುಟ್ಟಿಯೇ ನಿನಗೆ ಸರಿ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. "ಬೆರಳ್ ಅಲ್ಲಿಗೇ ಹೋತ್ತ್ ಟೀಚರ್, ನಾ ಎಂತ ಮಾಡುದ್" ಎಂದು ನಕ್ಕಳು. ಬ್ರಹ್ಮಾವರದಲ್ಲಿ ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಪಿಯಾನೊ ಉತ್ಸವಕ್ಕೆ ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ, ಅಷ್ಟರೊಳಗೆ ಆ ತಪ್ಪು ಹೋಗದಿದ್ದರೆ ನೋಡು ಎಂದು ಹೆದರಿಸಿದ್ದೆ.

ತಪ್ಪು ಹೋಗಲಿಲ್ಲ, ಹುಡುಗಿ ಹೋದಳು. ಮಳೆಗಾಲದಲ್ಲಿ ಇಲಿಜ್ವರ ಬಂತು. ಮೊದಲು ಬರೀ ಜ್ವರ ಎಂದುಕೊಂಡಿದ್ದರು. ಆಸ್ಪತ್ರೆಗೆ ಸೇರಿಸಿದ ಮೇಲೆ ಅವಳು ಕಣ್ಣು ಬಿಟ್ಟದ್ದೇ ಕಡಿಮೆಯಂತೆ. ಅವಳನ್ನು ಸಾಗಿಸುವ ದಿನ ಕೋಡಿಯ ವನಜಳ ಮನೆಯಂಗಳದಲ್ಲಿ ನಾನು ಕೊಡೆ ಹಿಡಿದು ನಿಂತಿದ್ದೆ. ನನಗೆ ಅಳು ಬರಲಿಲ್ಲ. ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು.

ಬೊಜ್ಜದ ದಿನ, ಎಂದರೆ ಉತ್ತರಕ್ರಿಯೆಯ ದಿನ, ಆ ಮನೆಯಲ್ಲಿ ಏನಾಯಿತೆಂದು ನನಗೆ ಹೇಳಿದವನು ವನಜಳ ಗಂಡ ಕುಷ್ಟ. ಗಂಗೊಳ್ಳಿಯ ಬೋಟಿನಲ್ಲಿ ದುಡಿಯುವ, ಮಾತು ಕಡಿಮೆಯ ಮನುಷ್ಯ. ಗೇಟಿನ ಹೊರಗೇ ನಿಂತು ಹೇಳಿದ. ಅವರ ಮನೆಯ ಪದ್ಧತಿಯಂತೆ ಆ ದಿನ ಸತ್ತವರಿಗೆ ಇಷ್ಟವಾದ ಅಡುಗೆ ಮಾಡಿ, ಒಳಕೋಣೆಯಲ್ಲಿ ಬಾಳೆಲೆಯ ಮೇಲೆ ಎಡೆ ಬಡಿಸುತ್ತಾರೆ. ಬಡಿಸುವವರು ಮಾತಾಡುವ ಹಾಗಿಲ್ಲ, ಪಾತ್ರೆಯ ಸದ್ದಾಗಬಾರದು, ಬಳೆಯೂ ಕಿಣಿಯಬಾರದು. ಬಡಿಸಿ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಆಮೇಲೆ ಸತ್ತವರ ಹೆಸರನ್ನು ಮೂರು ಸಲ ಕೂಗಿ ಕರೆಯುತ್ತಾರೆ: ಬಾ, ಉಣ್ಣು, ನಿನ್ನ ಹಿರಿಯರ ಜೊತೆ ಸೇರಿಕೋ ಎಂದು. ಆ ಕರೆ ಆಗುವ ತನಕ ಸತ್ತವರು ಮನೆಯ ಮಾಡಿನ ಹೊರಗೇ ನಿಂತಿರುತ್ತಾರಂತೆ.

ವನಜ ಬಾಗಿಲು ಮುಚ್ಚಲು ಬಿಡಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತು, "ಯಾರನ್ ಕರೀತ್ರಿ? ನನ್ ಮಗ್ಳ್ ಎಲ್ಲೂ ಹೋಯ್ಲಿಲ್ಲೆ" ಎಂದಳಂತೆ. ಎಡೆಯ ಎಲೆಯನ್ನು ತಾನೇ ಮಡಚಿ ಹೊರಗೆ ಎಸೆದಳಂತೆ.

"ಹೆಣ್ಣ್ ಹೊರ್ಗೇ ಉಳಿತ್ ಟೀಚ್ರೆ" ಎಂದ ಕುಷ್ಟ. ಮಳೆಗೆ ನೆನೆದ ಗೇಟನ್ನು ಕೈಯಲ್ಲಿ ಒರೆಸಿ, ಹೋದ.

ಮಳೆಗಾಲದ ರಜೆ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ಮೇಲೆ ಒಂದು ಭಾನುವಾರ ವನಜ ಬುಟ್ಟಿ ಇಲ್ಲದೆ ಬಂದಳು. ಜೊತೆಗೆ ಪ್ರಣೀತಾ. ಮಗು ಅಕ್ಕನ ನೀಲಿ ಫ್ರಾಕು ಹಾಕಿಕೊಂಡಿತ್ತು, ಅದು ಮೊಣಕಾಲಿನ ಕೆಳಗೆ ಇಳಿದಿತ್ತು. ಅಕ್ಕನ ಹಾಗೆಯೇ ಒಂದು ಜಡೆ, ಅದೇ ರಿಬ್ಬನ್ನು.

"ಇವ್ಳನ್ನ ಬಲಗಡೆ ಕೂರ್ಸಿನಿ ಟೀಚ್ರೆ" ಎಂದಳು ವನಜ. "ಬ್ರಹ್ಮಾವರಕ್ಕೆ ಕರ್ಕಂಡ್ ಹೋತೆ ಅಂದಿ ಹೇಳಿದ್ರಿ ಅಲ್ದಾ. ಆ ರಾಗ ಅಲ್ಲಿ ಕೇಣ್ಕ್."

"ವನಜ, ಇದ್ ಪ್ರಣೀತಾ. ಇದ್ ಬಾರ್ಸುದ್ ಎಡಗಡೆ."

"ಕಲೀತ್ಲ್. ನೀವ್ ಎಡಗಡೆ ಕೂಕಣಿ."

ಉತ್ಸವದಲ್ಲಿ ಮಗುವಿನ ಜೊತೆ ಟೀಚರ್ ಕೂತು ನುಡಿಸಬಹುದು, ಅದಕ್ಕೆ ಅಡ್ಡಿಯಿಲ್ಲ. ನಾನು ಒಪ್ಪಿದೆ. ಮಗು ಮತ್ತೆ ಪಾಠಕ್ಕೆ ಬಂದರೆ ಅದರ ಮನಸ್ಸಿಗೂ ಸಮಾಧಾನ ಎಂದುಕೊಂಡೆ. ಮತ್ತೆ, ಸುಳ್ಳು ಯಾಕೆ ಹೇಳಲಿ, ಆ ರಾಗ ಇಲ್ಲದೆ ನನಗೂ ಮನೆ ಬಿಕೋ ಎನ್ನುತ್ತಿತ್ತು.

ಮೊದಮೊದಲು ಪ್ರಣೀತಾ ತಡವರಿಸಿದಳು. ಅವಳ ಬೆರಳುಗಳು ಗಿಡ್ಡ, ಮೇಲಿನ ಸ್ವರಗಳಲ್ಲಿ ದಾರಿ ತಪ್ಪಿದವರ ಹಾಗೆ ನಿಂತುಬಿಡುತ್ತಿದ್ದವು. ವನಜ ಹೊಸ್ತಿಲ ಮೇಲೆ ಕೂತು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಚೌತಿ ಕಳೆಯಿತು. ನವರಾತ್ರಿ ಹತ್ತಿರ ಬಂತು. ಒಂದು ಸಂಜೆ ಮಗು ತಡೆಯಿಲ್ಲದೆ ನುಡಿಸತೊಡಗಿತು, ರಾಗ ಏರಿತು, ದ ಬರಬೇಕಾದ ಜಾಗ ಬಂತು. ಪ. ಲೊಚ್. ದ.

ನನ್ನ ಕೈ ಅಲ್ಲೇ ನಿಂತಿತು. ಮಗುವಿನ ಕಡೆ ತಿರುಗಿ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಹಿಂದಿನಿಂದ ವನಜಳ ದನಿ ಬಂತು, ಬಸ್ಸು ಬಂತು ಎಂದು ಹೇಳುವಷ್ಟೇ ಸಾಧಾರಣವಾಗಿ: "ಕೇಂಡ್ರ್ಯಾ ಟೀಚ್ರೆ? ಬಂದ್ಲ್."

ಆ ದಿನದಿಂದ ವನಜ ಮಗುವನ್ನು ಅನಿಷಾ ಎಂದೇ ಕರೆದಳು. ಮಗು ಓಗೊಟ್ಟಿತು. ನಾನು ಪ್ರಣೀತಾ ಎಂದರೆ ತಿರುಗುತ್ತಿರಲಿಲ್ಲ, ಹಠಕ್ಕಲ್ಲ, ಕೇಳಿಸದವರ ಹಾಗೆ. ಸಿಗಡಿ ಎಂದರೆ ಜೀವ ಬಿಡುತ್ತಿದ್ದ ಮಗು ಅದು. ನಾನು ಅದಕ್ಕೆಂದೇ ಮಾಡಿಟ್ಟ ಸಿಗಡಿ ಸುಕ್ಕವನ್ನು ಪಕ್ಕಕ್ಕೆ ಸರಿಸಿ, "ನಂಗ್ ಇದ್ ಸೇರತ್ತಿಲ್ಲೆ" ಎಂದಿತು. ಸಿಗಡಿ ಸೇರದಿದ್ದದ್ದು ಅನಿಷಾಳಿಗೆ. ರತನ್ ಪ್ರಣೀತಾಳ ಪಾಠ ಮುಗಿದ ಮೇಲೆ ಬೆಂಚಿನ ಬಲಗಡೆ ಕೂರಲೇ ಒಪ್ಪಲಿಲ್ಲ. ಬೆಂಚಿನ ಎಡತುದಿಯಲ್ಲಿ ಜೋತುಕೊಂಡು ನುಡಿಸಿದ. ಈ ಸಲ ಅವನ ಕಿವಿ ಹಿಂಡಲು ನನ್ನ ಕೈ ಏಳಲಿಲ್ಲ.

ನನಗೆ ಹೆದರಿಕೆಯಾಗಿತ್ತು, ಮತ್ತೆ ನಾನು ಹೆದರಿದರೆ ಇನ್ನಷ್ಟು ಸಿಟ್ಟು ಮಾಡುವವಳು. ಒಬ್ಬಳನ್ನು ಜ್ವರ ತೆಗೆದುಕೊಂಡು ಹೋಯಿತು. ಇನ್ನೊಬ್ಬಳನ್ನು ನಾವೇ ಕೈಯಾರೆ ಎತ್ತಿ ಕೊಡುತ್ತಿದ್ದೆವು. ಅಷ್ಟು ಜನರ ಮುಂದೆ ಈ ಮಗು ಅನಿಷಾ ಆಗಿ ವೇದಿಕೆ ಹತ್ತಿ, ಅನಿಷಾ ಆಗಿ ನುಡಿಸಿ, ಚಪ್ಪಾಳೆ ತೆಗೆದುಕೊಂಡು ಇಳಿದರೆ ಪ್ರಣೀತಾ ಮತ್ತೆ ಯಾರಿಗೂ ಸಿಗುವುದಿಲ್ಲ ಎಂದು ನನಗೆ ಖಂಡಿತ ಅನ್ನಿಸಿತು.

ಉತ್ಸವ ಹತ್ತಿರ ಬಂದಾಗ ಒಂದು ದಿನ ವನಜ ಮಗುವನ್ನು ನನ್ನಲ್ಲಿ ಬಿಟ್ಟು ಮಾರ್ಕೆಟ್ಟಿಗೆ ಹೋದಳು. ನಾನು ಪಿಯಾನೊದ ಮುಚ್ಚಳ ಹಾಕಿ ಮಗುವನ್ನು ಎದುರಿಗೆ ಕೂರಿಸಿಕೊಂಡೆ.

"ಆ ತಪ್ಪ್ ಬೇಕಂದೇ ಮಾಡ್ತ್ಯಾ?"

"ಇಲ್ಲೆ ಟೀಚರ್. ಅಲ್ಲಿಗ್ ಬಪ್ಪತಿಗೆ ಬೆರಳ್ ತನ್ನಷ್ಟಕ್ಕೇ ಹೋತ್ತ್."

"ಮತ್ತೆ ಅಮ್ಮ ಅನಿಷಾ ಅಂದಿ ಕರೆದ್ರೆ ಎಂತಕ್ಕೆ ಹ್ಞೂಂ ಅಂತೆ?"

ಮಗು ಫ್ರಾಕಿನ ಅಂಚು ತಿರುಚುತ್ತ ಹೇಳಿತು: "ಆ ಬದಿ ಕೂಕಂಡ್ರೆ ಅಮ್ಮ ನನ್ನ ಕಾಣ್ತ್ಲ್. ಈ ಬದಿ ಕೂಕಂಡ್ರೆ ಕಾಣುದಿಲ್ಲೆ."

ಅದರ ತಲೆ ಸವರಿದೆ, ಅದು ನನಗೆ ಅಭ್ಯಾಸವಿಲ್ಲದ ಕೆಲಸ. ಮತ್ತೆ ಏನು ಮಾಡಬೇಕೆಂದು ತೋಚದೆ ಪಿಯಾನೊದ ಮುಚ್ಚಳ ತೆಗೆದೆ. ಪಾರ್ಸಿ ಹೆಂಗಸು ನಾನು ಅತ್ತಾಗ ತೋರಿಸುತ್ತಿದ್ದ ಒಂದು ಆಟ ಇತ್ತು. ಮೇಲಿನ ಸ, ಗ, ಪ ಮೂರನ್ನೂ ಮೆಲ್ಲಗೆ, ಸುತ್ತಿಗೆ ತಂತಿಗೆ ತಾಗದಷ್ಟು ಮೆಲ್ಲಗೆ ಒತ್ತಿ ಹಿಡಿಯಬೇಕು. ಸದ್ದಾಗಬಾರದು. ಹಾಗೆ ಹಿಡಿದಾಗ ಆ ತಂತಿಗಳನ್ನು ಅದುಮಿ ಸುಮ್ಮನಿರಿಸುವ ಒತ್ತು ಮಾತ್ರ ಬಿಟ್ಟಿರುತ್ತದೆ. ಈಗ ಕೆಳಗಿನ ಸ ಒಂದನ್ನೇ ಜೋರಾಗಿ ಬಾರಿಸಿ ಬಿಟ್ಟರೆ, ಯಾರೂ ಬಾರಿಸದ ಮೇಲಿನ ತಂತಿಗಳು ತಾವಾಗಿ ಮೊಳಗುತ್ತವೆ.

ನಾನು ಹಿಡಿದೆ. ಪ್ರಣೀತಾ ತನ್ನ ಹಳೆಯ ಜಾಗದಲ್ಲಿ ಕೂತು ಕೆಳಗಿನ ಸ ಬಾರಿಸಿ ಕೈ ಎತ್ತಿದಳು. ಮೇಲಿನಿಂದ ಸಣ್ಣ ದನಿ ಬಂತು, ಗೋಡೆಯಾಚೆ ಯಾರೋ ಗುನುಗಿದಷ್ಟು. ಮಗುವಿನ ಕಣ್ಣು ಅಗಲವಾಯಿತು.

"ಅಕ್ಕನಾ?"

"ಅಲ್ಲ. ತಂತಿ. ಕೆಳಗಿನವ್ರ್ ಕೂಗಿರೆ ಮೇಲಿನವ್ರಿಗೆ ಕೇಂತ್, ಅಷ್ಟೇ."

"ನಾ ಕೂಗಿದ್ದಾ?"

"ನೀನೇ. ಎಡಗಡೆ ಕೂಕಂಡ್, ಪ್ರಣೀತಾ ಕೂಗಿದ್ದ್."

ಮಗು ಮತ್ತೊಂದು ಸಲ ಬಾರಿಸಿತು, ಮತ್ತೊಂದು ಸಲ. ಬಹಳ ದಿನದ ಮೇಲೆ ಅದು ತನ್ನದೇ ರೀತಿಯಲ್ಲಿ, ತುಟಿ ಒಳಗೆ ಎಳೆದುಕೊಂಡು ನಕ್ಕಿತು. ನಾವು ತಿರುಗಿದಾಗ ವನಜ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಿದ್ದಳೋ. ಬಂದು ನನ್ನನ್ನು ಸರಿಸಿ ಬಲಗಡೆ ಕೂತಳು. "ತೋರ್ಸಿ" ಎಂದಳು. ನಾನು ಮೂರು ಕೀ ತೋರಿಸಿದೆ. ಅವಳು ಒತ್ತಿದರೆ ಪ್ರತಿಸಲವೂ ಸ್ವರ ಠಣ್ಣೆಂದು ಹೊಡೆಯುತ್ತಿತ್ತು. ಕತ್ತಿ ಹಿಡಿದು, ಬುಟ್ಟಿ ಹೊತ್ತು ಗಟ್ಟಿಯಾದ ಕೈ.

"ಎಡಿ ಬಡಿಸಿದಾಂಗೆ ಒತ್ತ್ ವನಜ" ಎಂದುಬಿಟ್ಟೆ. "ಸದ್ದ್ ಮಾಡುಕಾಗ. ನೀ ಇಟ್ಟ್ ಸುಮ್ನೆ ಕೂಕೊ, ಅದ್ ತನ್ನಷ್ಟಕ್ಕೇ ಬತ್ತ್."

ವನಜ ಸಟಕ್ಕನೆ ಎದ್ದಳು. "ನನ್ ಮಗ್ಳ್ ತಂತಿ ಅಲ್ಲ ಟೀಚ್ರೆ. ನನ್ ಮಗ್ಳ್ ಇಲ್ಲೇ ಇತ್ತ್" ಎಂದು ಪ್ರಣೀತಾಳ ರಟ್ಟೆ ಹಿಡಿದು ಎಬ್ಬಿಸಿದಳು. "ಬಾ ಅನಿಷಾ, ಹೋಪ." ಮಗು ಹಿಂದೆ ನೋಡುತ್ತ ನೋಡುತ್ತ ಹೋಯಿತು. ನನ್ನ ಬಾಯಿಗೆ ಬೆಂಕಿ ಬೀಳಲಿ, ಎಡೆಯ ಮಾತು ಯಾಕೆ ಎತ್ತಿದೆ ಎಂದು ನನ್ನನ್ನು ನಾನೇ ಬೈದುಕೊಂಡೆ.

ಉತ್ಸವದ ದಿನ ಬ್ರಹ್ಮಾವರದ ಆ ಸಭಾಂಗಣ ಮಕ್ಕಳಿಂದ ತುಂಬಿತ್ತು. ಅಮ್ಮಂದಿರು ಕೂದಲು ಬಾಚುತ್ತಿದ್ದರು, ಮಕ್ಕಳು ತೊಡೆಯ ಮೇಲೆ ಬೆರಳಾಡಿಸಿ ಅಭ್ಯಾಸ ಮಾಡುತ್ತಿದ್ದರು. ವೇದಿಕೆಯಲ್ಲಿ ಕರಿಯ ದೊಡ್ಡ ಪಿಯಾನೊ, ಅದರ ಹೊಟ್ಟೆಗೆ ಮೈಕು. ಪ್ರತಿ ಮಗುವಿನ ಸರದಿ ಬಂದಾಗ ಹೊರಗಿನ ಹೈವೇ ಸದ್ದು ಬರಬಾರದೆಂದು ಬಾಗಿಲು ಹಾಕಿ, ಹೆಸರು ಕರೆಯುತ್ತಿದ್ದರು. ರತನ್ ಎಲ್ಲರಿಗಿಂತ ಬೇಗ ನುಡಿಸಿ, ಎಲ್ಲರಿಗಿಂತ ಬೇಗ ಇಳಿದುಬಂದ. ನಾನು ಮುಂದಿನ ಸಾಲಿನಲ್ಲಿ, ನನ್ನ ಪಕ್ಕ ನೀಲಿ ಫ್ರಾಕಿನ ಮಗು, ಅದರಾಚೆ ವನಜ. ವನಜ ಬರುವಾಗಲೇ ಬಾಗಿಲಿನ ಮೇಜಿನಲ್ಲಿದ್ದ ಹುಡುಗಿಯ ಹತ್ತಿರ ಏನೋ ಹೇಳಿದ್ದು ನೋಡಿದ್ದೆ. ಏನೆಂದು ಕೇಳಿರಲಿಲ್ಲ.

ಬಾಗಿಲು ಹಾಕಿದರು. ಸಭೆಯ ದೀಪ ಆರಿತು. ಮೈಕಿನಲ್ಲಿ ಹುಡುಗಿಯೊಬ್ಬಳು ಕರೆದಳು: "ಕೋಡಿಯ ಅನಿಷಾ."

ಪ್ರಣೀತಾಳ ಹೆಸರು ಹೇಳಿಸುವ ಬದಲು ವನಜ ಸತ್ತ ಮಗಳ ಹೆಸರು ಕೊಟ್ಟಿದ್ದಳು. ಪಕ್ಕದಲ್ಲಿ ಮಗು ಅರ್ಧ ಎದ್ದಿತು. ನನ್ನ ಕೈ ತಾನಾಗಿ ಚಾಚಿತು, ಆದರೆ ಮಗುವನ್ನು ಹಿಡಿಯಬೇಕಾಗಲಿಲ್ಲ. ಅದು ತಾನಾಗಿ ಅರ್ಧಕ್ಕೇ ತಡೆದು ನಿಂತಿತ್ತು, ಅಮ್ಮನ ಮುಖ ನೋಡುತ್ತಿತ್ತು.

"ಅನಿಷಾ" ಎಂದು ಮೈಕು ಎರಡನೆಯ ಸಲ ಕರೆಯಿತು.

"ಅಮ್ಮಾ" ಎಂದು ಮಗು ಪಿಸುಗುಟ್ಟಿತು, "ಅಕ್ಕನ್ನ ಕರೀತಿದ್ರ್. ನಾ ಹೋದ್ರೆ ಅಕ್ಕ ಎಲ್ಲಿ ಕೂಕಣ್ಕ್?"

ವನಜ ಮುಚ್ಚಿದ ಬಾಗಿಲನ್ನು ನೋಡಿದಳು, ಆರಿದ ದೀಪಗಳನ್ನು ನೋಡಿದಳು, ಖಾಲಿ ಬೆಂಚನ್ನು ನೋಡಿದಳು. ಅವಳಿಗೆ ಅದು ಹೊಳೆದದ್ದನ್ನು ನಾನು ಕಣ್ಣಾರೆ ಕಂಡೆ. ಮನೆಯಲ್ಲಿ ಬೆನ್ನು ಕೊಟ್ಟು ತಡೆದಿದ್ದ ಕರೆ ಇಲ್ಲಿ ನಡೆದುಹೋಗುತ್ತಿತ್ತು, ತಾನೇ ಹೆಸರು ಕೊಟ್ಟು ನಡೆಸಿದ್ದಳು. ಅವಳ ಕೈ ಬಾಯಿಗೆ ಹೋಯಿತು.

ಮೂರನೆಯ ಸಲ "ಅನಿಷಾ" ಎಂಬ ದನಿ ಸಭಾಂಗಣದ ಹಿಂದಿನ ಗೋಡೆಯ ತನಕ ಹೋಗಿ ನಿಂತಿತು. ಯಾರೂ ವೇದಿಕೆ ಹತ್ತಲಿಲ್ಲ. ಜನ ಅತ್ತಿತ್ತ ನೋಡತೊಡಗಿದರು.

ಆಗ ವನಜ ಎದ್ದಳು. ಕೈಯ ಗಾಜಿನ ಬಳೆಗಳನ್ನು ಒಂದೊಂದಾಗಿ ಕಳಚಿ ನನ್ನ ಮಡಿಲಿಗೆ ಹಾಕಿದಳು. ಪ್ರಣೀತಾಳ ಕೈ ಹಿಡಿದು ಮೆಟ್ಟಿಲು ಹತ್ತಿದಳು. ಮಗುವನ್ನು ಬೆಂಚಿನ ಎಡಗಡೆ ಕೂರಿಸಿ, ತಾನು ಬಲಗಡೆ ಕೂತಳು. ಮೀನು ಮಾರುವ ಹೆಂಗಸೊಬ್ಬಳು ಸೆರಗು ಸಿಕ್ಕಿಸಿಕೊಂಡು ಪಿಯಾನೊದ ಮುಂದೆ ಕೂತದ್ದನ್ನು ನೋಡಿ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಾನು ತಿರುಗಿ ನೋಡಿದೆ, ನಗು ನಿಂತಿತು.

ವನಜ ನನ್ನ ಕಡೆ ನೋಡಿ ಬೆರಳು ತೋರಿಸಿದಳು. ಸ, ಗ, ಪ. ನಾನು ತಲೆಯಾಡಿಸಿದೆ. ಅವಳು ಒತ್ತಿದಳು. ಮೈಕು ಇದ್ದರೂ ಒಂದಿಷ್ಟೂ ಸದ್ದು ಬರಲಿಲ್ಲ.

ಪ್ರಣೀತಾ ಶುರುಮಾಡಿದಳು. ತಗ್ಗಿನ ಸ್ವರ, ಹುಟ್ಟು ಹಾಕುವ ಲಯ, ತನ್ನದೇ ಪಾಲು. ಒಂದು ಹುಟ್ಟು ಹಾಕಿ ಇನ್ನೊಂದಕ್ಕೆ ಕೈ ಎತ್ತುವ ನಡುವಿನಲ್ಲಿ ಮೇಲಿನ ತಂತಿಗಳು ಗುನುಗಿದವು. ವನಜಳ ಬೆರಳು ಕದಲಲಿಲ್ಲ, ಕಣ್ಣೀರು ಗಲ್ಲದಿಂದ ಇಳಿದು ಕೊರಳಿಗೆ ಬಂದರೂ ಒರೆಸಲು ಕೈ ತೆಗೆಯಲಿಲ್ಲ. ಅನಿಷಾಳ ರಾಗ ಇದ್ದಿದ್ದರೆ ಅದು ಏರಿ ದ ಮುಟ್ಟಬೇಕಾದ ಜಾಗ ಬಂತು. ಪ್ರಣೀತಾ ಕೆಳಗಿನ ಸ ಬಾರಿಸಿ ಕೈ ಎತ್ತಿದಳು.

ಮೇಲೆ ಪ ಮೊಳಗಿತು. ಅದಕ್ಕೆ ಲೆಕ್ಕ ಇದೆ, ವನಜ ಅದನ್ನು ಹಿಡಿದಿದ್ದಳು. ಅದರ ಹಿಂದೆಯೇ ದ ಮೊಳಗಿತು. ದ ಯಾರೂ ಹಿಡಿದಿರಲಿಲ್ಲ, ಯಾರೂ ಬಾರಿಸಿರಲಿಲ್ಲ. ಅದಕ್ಕೆ ನನ್ನ ಹತ್ತಿರ ಲೆಕ್ಕ ಇಲ್ಲ. ಎರಡರ ನಡುವೆ ಏನಾದರೂ ಕೇಳಿತೇ ಎಂದು ನನ್ನನ್ನು ಕೇಳಬೇಡಿ. ಆದರೆ ಪ್ರಣೀತಾ ತುಟಿ ಒಳಗೆ ಎಳೆದುಕೊಂಡು ನಗುತ್ತಿದ್ದಳು.

ಕೊನೆಯ ಹುಟ್ಟು ಹಾಕಿ ಮಗು ಕೈ ತೊಡೆಯ ಮೇಲೆ ಇಟ್ಟುಕೊಂಡಿತು. ಮೇಲಿನ ತಂತಿ ಇನ್ನೂ ಮೊಳಗುತ್ತಿತ್ತು. ವನಜ ಎಷ್ಟು ಹೊತ್ತು ಹಿಡಿದಿದ್ದಳೋ ಹೇಳಲಾರೆ. ಆಮೇಲೆ ಅವಳೇ ಬೆರಳು ಎತ್ತಿದಳು, ಸ್ವರ ನಿಂತಿತು.

"ಪ್ರಣೀತಾ" ಎಂದಳು ವನಜ, ಮೈಕಿನಲ್ಲಿ ಎಲ್ಲರಿಗೂ ಕೇಳುವ ಹಾಗೆ. "ಏಳ್ ಮಗಾ. ಹೋಪ."

ಕುಷ್ಟ ಕಡಲಿನಿಂದ ಬಂದ ಮೇಲೆ ಕೋಡಿಯ ಮನೆಯಲ್ಲಿ ಎಡೆ ಬಡಿಸಿದರು. ಹುರಿದ ಬಂಗುಡೆ, ಅದು ಅನಿಷಾಳಿಗೆ ಇಷ್ಟ. ನನ್ನನ್ನೂ ಕರೆದಿದ್ದರು. ಬಾಗಿಲನ್ನು ವನಜಳೇ ಮುಚ್ಚಿದಳು. ಆಮೇಲೆ ಊಟಕ್ಕೆ ಕೂತಾಗ ಪ್ರಣೀತಾ ನನ್ನ ಎಲೆಯ ಸಿಗಡಿಗೂ ಕೈ ಹಾಕಿದಳು, ನಾನು ಬೈದೆ.

ಆಮೇಲಿನ ಭಾನುವಾರ ಪ್ರಣೀತಾ ಒಬ್ಬಳೇ ಪಾಠಕ್ಕೆ ಬಂದಳು, ತನ್ನದೇ ಅಳತೆಯ ಫ್ರಾಕಿನಲ್ಲಿ. ಗಾಳಿ ಒಣಗಿತ್ತು, ಪಿಯಾನೊದೊಳಗಿನ ಬಲ್ಬನ್ನು ನಾನು ತೆಗೆದಿದ್ದೆ. ಅವಳು ಬೆಂಚಿನ ನಡುವಿನಲ್ಲಿ ಕೂತಳು. ಹಾಗೆ ಅವಳು ಕೂತದ್ದು ಅದೇ ಮೊದಲು. ಎಡಗೈಯಲ್ಲಿ ಹುಟ್ಟು ಹಾಕುತ್ತ, ಬಲಗೈಯಲ್ಲಿ ಅಕ್ಕನ ರಾಗ ಎತ್ತಿಕೊಂಡಳು. ರಾಗ ಏರಿತು. ನಾನು ಸ್ಕೇಲು ಹಿಡಿದು ಪಕ್ಕದಲ್ಲಿ ಕಾಯುತ್ತಿದ್ದೆ. ಆ ಜಾಗ ಬಂತು.

ದ. ನೇರವಾಗಿ, ತಪ್ಪಿಲ್ಲದೆ, ಒಂದೇ ಸಲಕ್ಕೆ ದ.

ಎಷ್ಟು ತಿಂಗಳು ಆ ಸ್ವರಕ್ಕಾಗಿ ಕೂಗಾಡಿದ್ದೆ ನಾನು. ಅದು ಕೇಳಿದ ಕೂಡಲೇ ಅನಿಷಾ ಸತ್ತಿದ್ದಾಳೆ ಎಂಬುದು ನನಗೆ ಗೊತ್ತಾಯಿತು. ಅಂಗಳದಲ್ಲಿ ಕೊಡೆ ಹಿಡಿದು ನಿಂತಾಗ ಬಾರದ ಅಳು ಈಗ ಬಂತು. ಸ್ಕೇಲು ಕೈಯಿಂದ ಜಾರಿ ಬಿತ್ತು, ನಾನು ಪಿಯಾನೊಗೆ ಹಣೆ ಒತ್ತಿ ಅತ್ತೆ.

ಪ್ರಣೀತಾ ಗಾಬರಿಯಾಗಿ ಕೈ ತೆಗೆದಳು. "ಟೀಚರ್, ತಪ್ಪಾಯ್ತಾ?"

"ಇಲ್ಲೆ ಮಗಾ" ಎಂದೆ. "ಸರಿ ಆಯ್ತ್. ಇನ್ನೊಂದ್ ಸಲ ಬಾರ್ಸ್."